ಕೊಳೆರೋಗಕ್ಕೆ ಮದ್ದು ಕೊಟ್ಟ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್: ಲೋಂಡಾ ಭಾಗದ ಬೆಳೆಗಾರರು ತಿಳಿಯಬೇಕಾದ ಬದುಕು

ಖಾನಾಪುರ ತಾಲ್ಲೂಕಿನ ಲೋಂಡಾ ಭಾಗದಲ್ಲಿ ಮಳೆಗಾಲವೆಂದರೆ ನಾಲ್ಕು ತಿಂಗಳ ತೇವ. ಮೃಗಶಿರ ಮಳೆ ಹಿಡಿಯಿತೆಂದರೆ ಆಶ್ಲೇಷ ಮುಗಿಯುವವರೆಗೆ ಎಲೆಯ ಮೇಲಿನ ನೀರು ಆರುವುದೇ ಅಪರೂಪ. ಭತ್ತಕ್ಕೆ ವರವಾದ ಈ ತೇವವೇ ಆಲೂಗಡ್ಡೆ, ಟೊಮ್ಯಾಟೊ, ಮೆಣಸಿನಕಾಯಿ ಮತ್ತು ಬಳ್ಳಿ ತರಕಾರಿಗಳಿಗೆ ಕಂಟಕವಾಗುತ್ತದೆ. ಸಂಜೆ ಹಸಿರಾಗಿ ಕಂಡ ಆಲೂಗಡ್ಡೆಯ ಹೊಲ ನಾಲ್ಕಾರು ದಿನಗಳಲ್ಲಿ ಸುಟ್ಟಂತೆ ಕಪ್ಪಾಗುವುದನ್ನು ಈ ಭಾಗದ ಬೆಳೆಗಾರರು ಬಲ್ಲರು. ಅದು ಅಂಗಮಾರಿ ರೋಗ. ಇದೇ ಮಳೆಗೆ ಘಟ್ಟದಂಚಿನ ಅಡಿಕೆ ತೋಟಗಳಲ್ಲಿ ಎಳೆಕಾಯಿಗಳು ಕೊಳೆತು ಉದುರುತ್ತವೆ. ಅದು ಕೊಳೆರೋಗ. ಎರಡೂ ರೋಗಗಳಿಗೆ ಕಾರಣವಾದ ಜೀವಿಗಳು ಒಂದೇ ಕುಲಕ್ಕೆ ಸೇರಿದವು. ಎರಡಕ್ಕೂ ಅನ್ವಯಿಸುವ ರಕ್ಷಣೆಯ ಕ್ರಮವನ್ನು ಕನ್ನಡ ನಾಡಿನ ಮಳೆಯಲ್ಲಿಯೇ ಪರೀಕ್ಷಿಸಿ ರೈತರ ಕೈಗೆ ಕೊಟ್ಟವರಲ್ಲಿ ಮೊದಲಿಗರು ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಅವರ ಬದುಕನ್ನೂ, ಅದರಿಂದ ಇಂದಿನ ತರಕಾರಿ ಬೆಳೆಗಾರರು ಪಡೆಯಬಹುದಾದ ಪಾಠವನ್ನೂ ಈ ಲೇಖನದಲ್ಲಿ ನಿರೂಪಿಸಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕೋಲ್ಮನ್ ಅವರು 1878ರ ಜೂನ್ 16ರಂದು ಕೆನಡಾ ದೇಶದ ಆಂಟೇರಿಯೊ ಪ್ರಾಂತ್ಯದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನವನ್ನು ಅಭ್ಯಸಿಸಿ 1904ರಲ್ಲಿ ಪದವಿ ಪಡೆದರು. ಆ ಕಾಲದಲ್ಲಿ ಸೂಕ್ಷ್ಮಜೀವಿಗಳ ಅಧ್ಯಯನಕ್ಕೆ ಜರ್ಮನಿಯೇ ಪ್ರಮುಖ ಕೇಂದ್ರವಾಗಿತ್ತು. ಕೋಲ್ಮನ್ ಅವರು ಗಾಟಿಂಗೆನ್ ವಿಶ್ವವಿದ್ಯಾಲಯಕ್ಕೆ ತೆರಳಿ, ಮಣ್ಣಿನಲ್ಲಿ ಅಮೋನಿಯಾವನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಬ್ಯಾಕ್ಟೀರಿಯಾಗಳನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಪದವಿ ಗಳಿಸಿದರು. ನಾವು ಕೊಟ್ಟ ಯೂರಿಯಾ ಅಥವಾ ಕೊಟ್ಟಿಗೆ ಗೊಬ್ಬರದ ಸಾರಜನಕವು ಬೆಳೆಗೆ ಬಹುಪಾಲು ದೊರೆಯುವುದು ಈ ಸೂಕ್ಷ್ಮಜೀವಿಗಳ ಕೆಲಸದಿಂದಲೇ. ಹೀಗೆ ಅವರ ವಿಜ್ಞಾನದ ಬುನಾದಿ ಮಣ್ಣಿನಲ್ಲಿ ಬಿದ್ದಿತು. ರೋಗವನ್ನು ನೋಡುವಾಗ ಸಸ್ಯವನ್ನಷ್ಟೇ ನೋಡದೆ ನೀರು, ಮಣ್ಣು, ಹವೆ ಎಲ್ಲವನ್ನೂ ಒಟ್ಟಿಗೆ ನೋಡುವ ಅವರ ಕ್ರಮಕ್ಕೆ ಈ ತರಬೇತಿ ನೆರವಾಗಿರಬೇಕು.

ಮೈಸೂರು ಸಂಸ್ಥಾನಕ್ಕೆ ಆಗಮನ

ಮೈಸೂರು ಸಂಸ್ಥಾನದಲ್ಲಿ ವೈಜ್ಞಾನಿಕ ಕೃಷಿಯ ಪ್ರಯತ್ನಗಳು 1899ರಲ್ಲಿ ಆರಂಭವಾಗಿದ್ದವು. ರಾಣಿ ರೀಜೆಂಟ್ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಪ್ರಯೋಗಗಳಿಗಾಗಿ ನೀಡಿದ್ದರು. ಕೃಷಿ ರಸಾಯನ ವಿಜ್ಞಾನಿ ಡಾ. ಲೆಹ್ಮನ್ ಅವರು ಮಣ್ಣು ಮತ್ತು ಗೊಬ್ಬರಗಳ ಪರೀಕ್ಷೆಯನ್ನು ನಡೆಸುತ್ತಿದ್ದರು. ಆದರೆ ಬೆಳೆಗಳ ರೋಗ ಮತ್ತು ಕೀಟಗಳನ್ನು ನೋಡಿಕೊಳ್ಳುವ ತಜ್ಞರ ಕೊರತೆಯಿತ್ತು. ಆ ಸ್ಥಾನಕ್ಕೆ 1908ರಲ್ಲಿ ಕೋಲ್ಮನ್ ಅವರು ಬಂದರು. ಆಗ ಅವರ ವಯಸ್ಸು ಸುಮಾರು 30. ಶಿಲೀಂಧ್ರ ಶಾಸ್ತ್ರ ಮತ್ತು ಕೀಟಶಾಸ್ತ್ರ, ಎರಡೂ ವಿಭಾಗಗಳ ಹೊಣೆ ಒಬ್ಬರ ಮೇಲೆಯೇ ಬಿದ್ದಿತ್ತು.

ಅವರ ಎದುರಿಗಿದ್ದ ತುರ್ತು ಸಮಸ್ಯೆ ಮಲೆನಾಡಿನ ಅಡಿಕೆಯ ಕೊಳೆರೋಗ. ಅಡಿಕೆ ಒಂದು ವರ್ಷದ ಬೆಳೆಯಲ್ಲ. ಸಸಿ ನೆಟ್ಟು ಹಲವು ವರ್ಷ ಕಾದು ಫಸಲು ನೋಡಬೇಕು. ಮಳೆಗಾಲದ ಕೆಲವೇ ವಾರಗಳಲ್ಲಿ ಎಳೆಕಾಯಿಗಳೆಲ್ಲ ಉದುರಿದರೆ ಕುಟುಂಬಕ್ಕೆ ಆ ವರ್ಷದ ಆದಾಯವೇ ಇಲ್ಲ. ರೋಗ ಸುಳಿಗೆ ಇಳಿದರೆ ಮರವೇ ಸಾಯುತ್ತದೆ. ಆಗ ಹೋಗುವುದು ಒಂದು ವರ್ಷದ ಫಸಲಲ್ಲ, ಒಂದು ತಲೆಮಾರಿನ ದುಡಿಮೆ.

ಹಿರಿಯರು ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡಿದ್ದರು. ಮಳೆ ಹಿಡಿಯುವ ಮೊದಲು ಮರ ಏರಿ, ಪ್ರತಿಯೊಂದು ಗೊನೆಗೂ ಕರಡದ ಹುಲ್ಲಿನ ಕೊಟ್ಟೆಯನ್ನು ಕಟ್ಟುತ್ತಿದ್ದರು. ಗೊನೆಗೆ ನೀರು ತಾಗದಂತೆ ತಡೆಯುವ ಈ ಕೊಡೆ ನಿಜಕ್ಕೂ ಫಲಕಾರಿಯಾಗಿತ್ತು. ಆದರೆ ಅದಕ್ಕೆ ಹುಲ್ಲು ತರಬೇಕು, ಹೆಣೆಯಬೇಕು, ನುರಿತ ಕೊನೆಗೌಡ ಮರದಿಂದ ಮರಕ್ಕೆ ಏರಿ ಕಟ್ಟಬೇಕು. ದೊಡ್ಡ ತೋಟಕ್ಕೆ ಇದು ಅತ್ಯಂತ ಶ್ರಮದ ಕೆಲಸವಾಗಿತ್ತು. ಕೊಟ್ಟೆಯ ಪದ್ಧತಿಯಲ್ಲಿ ಒಂದು ಸತ್ಯ ಅಡಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ರೋಗದ ಬೇರು ನೀರಿನಲ್ಲಿದೆ, ಆದ್ದರಿಂದ ರಕ್ಷಣೆ ಮಳೆಗೆ ಮುನ್ನವೇ ಆಗಬೇಕು ಎಂಬುದನ್ನು ಬೆಳೆಗಾರರು ಅನುಭವದಿಂದ ಅರಿತಿದ್ದರು.

ರೋಗಾಣುವಿನ ಗುರುತು

ಕೋಲ್ಮನ್ ಅವರು ಕೊಳೆತ ಕಾಯಿಗಳಿಂದ ರೋಗಾಣುವನ್ನು ಬೇರ್ಪಡಿಸಿ, ಅದರ ಜೀವನಚಕ್ರವನ್ನು ಅಧ್ಯಯನ ಮಾಡಿ, 1910ರಲ್ಲಿ ಮೈಸೂರು ಕೃಷಿ ಇಲಾಖೆಯ ಪ್ರಕಟಣೆಯಾಗಿ ವಿವರಗಳನ್ನು ಹೊರತಂದರು. ಆ ಪ್ರಕಟಣೆಯ ಶೀರ್ಷಿಕೆಯಲ್ಲಿ ಕೊಳೆರೋಗ ಎಂಬ ಕನ್ನಡ ಪದವನ್ನೇ ಉಳಿಸಿಕೊಂಡರು. ಅಂದಿನಿಂದ ಇಂದಿನವರೆಗೆ ವಿಶ್ವದ ಸಸ್ಯರೋಗ ಶಾಸ್ತ್ರದ ಗ್ರಂಥಗಳಲ್ಲಿ ನಮ್ಮ ಮಲೆನಾಡಿನ ಈ ಪದವೇ ಬಳಕೆಯಲ್ಲಿದೆ. ರೋಗಾಣು ಫೈಟಾಫ್ತೊರ ಕುಲಕ್ಕೆ ಸೇರಿದೆಯೆಂದೂ, ಅಡಿಕೆಯ ಮೇಲೆ ಬರುವ ವಿಶೇಷ ಬಗೆಯೆಂದೂ ಅವರು ಗುರುತಿಸಿದರು. ಮುಂದಿನ ತಲೆಮಾರಿನ ವಿಜ್ಞಾನಿಗಳು ಹೆಸರು ಮತ್ತು ವರ್ಗೀಕರಣವನ್ನು ಪರಿಷ್ಕರಿಸಿದ್ದರೂ ಕುಲದ ಬಗ್ಗೆ ಅವರ ನಿರ್ಣಯ ಸ್ಥಿರವಾಗಿ ನಿಂತಿತು.

ಫೈಟಾಫ್ತೊರ ಎಂಬುದರ ಅರ್ಥ ಸಸ್ಯನಾಶಕ. ಇದೇ ಕುಲದ ಮತ್ತೊಂದು ಜಾತಿಯು 1845ರಿಂದ ಐರ್ಲೆಂಡ್ ದೇಶದ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ, ಸುಮಾರು 10 ಲಕ್ಷ ಜನರ ಸಾವಿಗೆ ಕಾರಣವಾದ ಭೀಕರ ಕ್ಷಾಮವನ್ನು ತಂದಿತ್ತು. ನಮ್ಮ ಭಾಗದ ಆಲೂಗಡ್ಡೆ ಮತ್ತು ಟೊಮ್ಯಾಟೊ ಬೆಳೆಗಳ ಕೊನೆ ಅಂಗಮಾರಿಗೆ ಅದೇ ಜೀವಿ ಕಾರಣ. ಕಾಳುಮೆಣಸಿನ ಶೀಘ್ರ ಸೊರಗು ರೋಗವೂ ಈ ಕುಲದ್ದೇ.

ಈ ಜೀವಿಯ ಬಲವೆಲ್ಲ ನೀರಿನಲ್ಲಿದೆ. ಎಲೆ ಅಥವಾ ಕಾಯಿಯ ಮೇಲೆ ತೆಳುವಾದ ನೀರಿನ ಪದರ ಇದ್ದಾಗ, ಅದರ ಬೀಜಕೋಶಗಳಿಂದ ಬಾಲವುಳ್ಳ ಸೂಕ್ಷ್ಮ ಕಣಗಳು ಹೊರಬಂದು ಈಜುತ್ತವೆ. ಅನುಕೂಲಕರ ಸ್ಥಳದಲ್ಲಿ ನೆಲೆಗೊಂಡು, ಮೊಳೆತು, ಸಸ್ಯದ ಅಂಗಾಂಶದೊಳಗೆ ನುಗ್ಗುತ್ತವೆ. ಒಳಗೆ ಹೊಕ್ಕ ಮೇಲೆ ಹೊರಗೆ ಲೇಪಿಸಿದ ಔಷಧಿ ಅದನ್ನು ಮುಟ್ಟಲಾರದು. ಕೆಲವೇ ದಿನಗಳಲ್ಲಿ ಹೊಸ ಬೀಜಕೋಶಗಳು ಮೂಡಿ, ಮಳೆಹನಿ ಮತ್ತು ಗಾಳಿಯೊಂದಿಗೆ ಪಕ್ಕದ ಗಿಡಕ್ಕೆ ಹಾರುತ್ತವೆ. ಆದ್ದರಿಂದಲೇ ಈ ರೋಗ ಕಂಡ ದಿನಕ್ಕಿಂತ ಎಷ್ಟೋ ಮೊದಲು ಹೊಲವನ್ನು ಪ್ರವೇಶಿಸಿರುತ್ತದೆ.

ಬೋರ್ಡೋ ದ್ರಾವಣ: ಹಳೆಯ ಮದ್ದಿಗೆ ಹೊಸ ನೆಲೆ

ಮೈಲುತುತ್ತ ಮತ್ತು ಸುಣ್ಣಗಳ ಮಿಶ್ರಣವನ್ನು ಫ್ರಾನ್ಸ್ ದೇಶದ ಬೋರ್ಡೋ ಪ್ರದೇಶದಲ್ಲಿ ವಿಜ್ಞಾನಿ ಮಿಲಾರ್ಡೆ ಅವರು ದ್ರಾಕ್ಷಿಯ ಬೂಜು ತುಪ್ಪಟ ರೋಗದ ವಿರುದ್ಧ ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದ್ದರು. ಮದ್ದು ತಿಳಿದಿತ್ತು. ಆದರೆ ಫ್ರಾನ್ಸಿನ ದ್ರಾಕ್ಷಿಬಳ್ಳಿ ಬೇರೆ, ಮಲೆನಾಡಿನ ಅಡಿಕೆ ಮರ ಬೇರೆ. ಬಳ್ಳಿ ಕೈಗೆಟುಕುತ್ತದೆ, ಅಡಿಕೆಯ ಗೊನೆ ಮರದ ತುದಿಯಲ್ಲಿದೆ. ಅಲ್ಲಿನ ಮಳೆ ಹದವಾದದ್ದು, ಇಲ್ಲಿನ ಮಳೆ ವಾರಗಟ್ಟಲೆ ಬಿಡದೆ ಸುರಿಯುವಂಥದ್ದು. ನುಣುಪಾದ ಕಾಯಿಯ ಮೇಲೆ ಔಷಧಿ ನಿಲ್ಲಬೇಕು, ವೆಚ್ಚವೂ ಬೆಳೆಗಾರನ ಶಕ್ತಿಯೊಳಗೆ ಇರಬೇಕು.

ಕೋಲ್ಮನ್ ಅವರ ನಿಜವಾದ ಸಾಧನೆ ಇಲ್ಲಿದೆ. ಅವರು ಹೊಸ ರಾಸಾಯನಿಕವನ್ನು ಕಂಡುಹಿಡಿಯಲಿಲ್ಲ. ಇದ್ದ ಮದ್ದನ್ನು ಈ ನೆಲದ ಮಳೆ, ಮರ ಮತ್ತು ದುಡಿಮೆಯ ಕ್ರಮಕ್ಕೆ ಹೊಂದಿಸಿದರು. ದ್ರಾವಣ ತೊಳೆದುಹೋಗದಂತೆ ರಾಳ ಮತ್ತು ಸೋಡಾದಂತಹ ಅಂಟುಗಳನ್ನು ಸೇರಿಸುವ ವಿಧಾನ ಬಳಕೆಗೆ ಬಂದಿತು. ಮರ ಏರುವ ಕೊನೆಗೌಡನ ಕೌಶಲವೇ ಸಿಂಪರಣೆಯ ಆಧಾರವಾಯಿತು. ಕೊಟ್ಟೆ ಕಟ್ಟುತ್ತಿದ್ದ ಕೈಗಳೇ ಸಿಂಪರಣೆಯ ಕೊಳವೆ ಹಿಡಿದವು. ಮಳೆಗೆ ಮುನ್ನ ಮೊದಲ ಸಿಂಪರಣೆ, ನಡುವೆ ಮತ್ತೊಂದು ಎಂಬ ಕ್ರಮವು ಹಿರಿಯರ ತಿಳಿವಳಿಕೆಗೆ ವಿರುದ್ಧವಾಗಿರಲಿಲ್ಲ, ಅದರ ಮುಂದುವರಿಕೆಯಾಗಿತ್ತು.

ಆದರೂ ಒಪ್ಪಿಗೆ ಸುಲಭವಾಗಿ ಸಿಗುವಂಥದ್ದಲ್ಲ. ರೋಗವೇ ಕಾಣದಿರುವಾಗ ಹಣ ಖರ್ಚು ಮಾಡಿ ನೀಲಿ ನೀರನ್ನು ಮರಕ್ಕೆ ಎರಚು ಎಂದು ಹೇಳಿದರೆ ಯಾವ ರೈತನಿಗಾದರೂ ಅನುಮಾನ ಸಹಜ. ರೋಗ ಬಾರದಿದ್ದರೆ ಖರ್ಚು ವ್ಯರ್ಥವಾಯಿತು ಎನಿಸುತ್ತದೆ, ಬಂದರೆ ಮದ್ದು ಸುಳ್ಳೆನಿಸುತ್ತದೆ. ಈ ಸಂಶಯಕ್ಕೆ ಮಾತಿನ ಉತ್ತರವಿಲ್ಲ. ಸಿಂಪಡಿಸಿದ ಮರಗಳನ್ನೂ ಸಿಂಪಡಿಸದ ಮರಗಳನ್ನೂ ಅಕ್ಕಪಕ್ಕ ನಿಲ್ಲಿಸಿ ಕಾಯಿ ಎಣಿಸುವುದೊಂದೇ ಉತ್ತರ. ಮೈಸೂರು ಮಲೆನಾಡಿನಲ್ಲಿ ಹೀಗೆ ನೆಲೆಗೊಂಡ ಪದ್ಧತಿ ಕ್ರಮೇಣ ಕರಾವಳಿ ಮತ್ತು ಉತ್ತರ ಕನ್ನಡದ ತೋಟಗಳಿಗೂ ಹರಡಿತು. ಒಂದು ಶತಮಾನ ಕಳೆದರೂ ಅಡಿಕೆ ಬೆಳೆಗಾರರು ಇಂದಿಗೂ ಮುಂಗಾರಿಗೆ ಮೊದಲು ಬೋರ್ಡೋ ದ್ರಾವಣವನ್ನೇ ಅವಲಂಬಿಸಿದ್ದಾರೆ.

ಜೋಳದ ಮಿಡತೆ

ಕೋಲ್ಮನ್ ಅವರ ಹೆಸರು ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿಯೂ ಉಳಿದಿದೆ. ದಖ್ಖನಿನ ಜೋಳಕ್ಕೆ ಕಾಟ ಕೊಡುವ, ರೆಕ್ಕೆ ಬಲಿಯದ ಮಿಡತೆಯೊಂದರ ಜೀವನವನ್ನು ಅವರು ಅಧ್ಯಯನ ಮಾಡಿದರು. ಆ ಕೀಟದ ಕುಲಕ್ಕೆ 1910ರಲ್ಲಿ ಕೋಲ್ಮೇನಿಯ ಎಂದು ಅವರ ಹೆಸರನ್ನೇ ಇಡಲಾಯಿತು. ಇದು ವರ್ಷಕ್ಕೆ ಒಂದೇ ಪೀಳಿಗೆಯ ಕೀಟ. ಹಿಂಗಾರಿನ ವೇಳೆಗೆ ಮಣ್ಣಿನಲ್ಲಿಟ್ಟ ಮೊಟ್ಟೆಗಳು ಬೇಸಿಗೆಯನ್ನು ಕಳೆದು ಮುಂಗಾರಿನೊಂದಿಗೆ ಒಡೆಯುತ್ತವೆ. ಹಾರಲಾರದ ಕೀಟವಾದ್ದರಿಂದ ಒಂದು ಹೊಲದಲ್ಲಿ ಮೊಟ್ಟೆಗಳನ್ನು ಉಳುಮೆಯಿಂದ ಮೇಲೆತ್ತಿ ಬಿಸಿಲಿಗೊಡ್ಡಿದರೆ, ಮರಿಗಳನ್ನು ಚೀಲದ ಬಲೆಯಿಂದ ಹಿಡಿದರೆ, ಬಾಧೆ ಗಣನೀಯವಾಗಿ ತಗ್ಗುತ್ತದೆ. ವೈರಿಯ ದುರ್ಬಲ ಹಂತವನ್ನು ಅರಿತು ಅಲ್ಲಿಯೇ ತಡೆಯುವ ಈ ಕ್ರಮವನ್ನು ಇಂದು ನಾವು ಸಮಗ್ರ ಪೀಡೆ ನಿರ್ವಹಣೆ ಎಂದು ಕರೆಯುತ್ತೇವೆ.

ನಿರ್ದೇಶಕರಾಗಿ

ಸರ್ ಎಂ. ವಿಶ್ವೇಶ್ವರಯ್ಯ ಅವರು ದಿವಾನರಾಗಿದ್ದ ಕಾಲದಲ್ಲಿ, 1913ರಲ್ಲಿ ಕೃಷಿ ಇಲಾಖೆಗೆ ಹೊಸ ರೂಪ ಬಂದಾಗ ಕೋಲ್ಮನ್ ಅವರು ಅದರ ನಿರ್ದೇಶಕರ ಹೊಣೆ ಹೊತ್ತರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಆ ಶಾಲೆಯ ನೆಲೆಯೇ ಮುಂದೆ ಕೃಷಿ ಕಾಲೇಜಾಗಿ, ನಂತರ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಹೆಬ್ಬಾಳದಲ್ಲಿ ರಾಗಿಯ ತಳಿ ಆಯ್ಕೆ ನಡೆದು ಎಚ್-22ರಂತಹ ತಳಿಗಳು ಹೊರಬಂದವು. ಕಾಫಿಯ ಎಲೆರೋಗಗಳಿಗೆ ಪರಿಹಾರ ಹುಡುಕಲು 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಘಟಕವೂ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಪ್ರಯೋಗ ಕೇಂದ್ರವೂ ಸ್ಥಾಪನೆಗೊಂಡವು. ಕಾವೇರಿಯ ಕಾಲುವೆ ನೀರು ಮಂಡ್ಯಕ್ಕೆ ಹರಿದಾಗ, ಅಲ್ಲಿ ಕಬ್ಬು ಬೆಳೆದು ಸಕ್ಕರೆ ಕಾರ್ಖಾನೆ ನಡೆಸುವ ಯೋಜನೆಗೆ ಅವರು ಬೆಂಬಲವಾಗಿ ನಿಂತರು. ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಸ್ಥಾಪನೆಯಾಯಿತು.

ವಿಸ್ತರಣಾ ಕಾರ್ಯಕರ್ತರು ವಿಶೇಷವಾಗಿ ಗಮನಿಸಬೇಕಾದುದು ಮೈಸೂರು ಕೃಷಿ ಮತ್ತು ಪ್ರಯೋಗ ಸಂಘ. ಹೊಸ ತಳಿ, ಹೊಸ ಗೊಬ್ಬರ, ಹೊಸ ಉಪಕರಣಗಳನ್ನು ಸದಸ್ಯರು ತಮ್ಮ ಸ್ವಂತ ಹೊಲದಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ಹಂಚಿಕೊಳ್ಳುವುದು ಇಂತಹ ಸಂಘದ ಉದ್ದೇಶ. ರೈತನನ್ನು ಕೇಳುಗನ ಸ್ಥಾನದಿಂದ ಪ್ರಯೋಗಕಾರನ ಸ್ಥಾನಕ್ಕೆ ಏರಿಸುವ ಈ ಚಿಂತನೆಯೇ ಇಂದಿನ ಕೃಷಿ ವಿಜ್ಞಾನ ಕೇಂದ್ರಗಳ ಕ್ಷೇತ್ರ ಪ್ರಯೋಗಗಳಲ್ಲಿ ಮುಂದುವರಿದಿದೆ.

1934ರಲ್ಲಿ ಕೋಲ್ಮನ್ ಅವರು ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಅಲ್ಲಿಯೂ ಆಡಳಿತದ ಆಸೆಯಿಲ್ಲದೆ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಸಸ್ಯಕೋಶಗಳು ಮತ್ತು ಸಸ್ಯದ ನಂಜುರೋಗಗಳ ಅಧ್ಯಯನದಲ್ಲಿ ತೊಡಗಿದರು. 1954ರ ಸೆಪ್ಟೆಂಬರ್ 14ರಂದು ನಿಧನರಾದರು. ತಮ್ಮ ಬದುಕಿನ ಸುಮಾರು 26 ವರ್ಷಗಳನ್ನು ಅವರು ಕನ್ನಡ ನಾಡಿನ ಬೆಳೆಗಳಿಗೆ ಕೊಟ್ಟಿದ್ದರು.

ಲೋಂಡಾ ಭಾಗದ ತರಕಾರಿ ಬೆಳೆಗಾರರಿಗೆ ಪಾಠ

ಲೇಖಕನು ವೃತ್ತಿಯ ಆರಂಭದ ವರ್ಷಗಳಲ್ಲಿ ಮಾಡಿದ ತಪ್ಪೊಂದನ್ನು ಇಲ್ಲಿ ಹೇಳುವುದು ಉಚಿತ. ಘಟ್ಟದಂಚಿನ ಹಳ್ಳಿಯೊಂದರ ಆಲೂಗಡ್ಡೆ ಬೆಳೆಗಾರರಿಗೆ, ಎಲೆಯಲ್ಲಿ ಚುಕ್ಕೆ ಕಂಡೊಡನೆ ತಾಮ್ರದ ಔಷಧಿ ಸಿಂಪಡಿಸಿ ಎಂದು ಸಲಹೆ ನೀಡಿದ್ದುಂಟು. ಚುಕ್ಕೆ ಕಂಡಿತು, ಸಿಂಪಡಿಸಿದರು, ಮಳೆ ಮುಂದುವರಿಯಿತು, ಹೊಲ ಉಳಿಯಲಿಲ್ಲ. ಮದ್ದು ಸರಿಯಾಗಿತ್ತು, ಹೇಳಿದ ಸಮಯ ತಪ್ಪಾಗಿತ್ತು. ಕೋಲ್ಮನ್ ಅವರ ಕೆಲಸವನ್ನು ಮತ್ತೆ ಓದಿದಾಗ ಆ ತಪ್ಪಿನ ಮೂಲ ಸ್ಪಷ್ಟವಾಯಿತು. ತಾಮ್ರವು ರಕ್ಷಕವೇ ಹೊರತು ಚಿಕಿತ್ಸಕವಲ್ಲ. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಪಾಲಿಸಬೇಕು.

1. ಆರೋಗ್ಯವಂತ ಬಿತ್ತನೆ ಗಡ್ಡೆ ಮತ್ತು ಸಸಿಗಳನ್ನೇ ಬಳಸಬೇಕು. ಕೊಳೆತ ಗಡ್ಡೆಗಳನ್ನು ಹೊಲದ ಬದುವಿನಲ್ಲಿ ರಾಶಿ ಹಾಕಬಾರದು. ಅಲ್ಲಿಂದಲೇ ರೋಗ ಮರಳುತ್ತದೆ.

2. ಏರುಮಡಿಗಳಲ್ಲಿ ನಾಟಿ ಮಾಡಿ ಬಸಿಗಾಲುವೆ ತೆಗೆಯಬೇಕು. ಗಿಡಗಳ ನಡುವೆ ಶಿಫಾರಸು ಮಾಡಿದ ಅಂತರವಿರಬೇಕು. ಟೊಮ್ಯಾಟೊ ಗಿಡಗಳಿಗೆ ಆಸರೆ ಕೊಟ್ಟು ಕೆಳ ಎಲೆಗಳು ಮಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು. ಎಲೆ ಬೇಗ ಆರಿದಷ್ಟೂ ರೋಗ ಕಡಿಮೆ.

3. ಅತಿಯಾದ ಸಾರಜನಕವು ಸೊಂಪಾದ, ಮೆದುವಾದ ಎಲೆಗಳನ್ನು ಬೆಳೆಸಿ ಗಾಳಿಯಾಟವನ್ನು ತಡೆಯುತ್ತದೆ. ಮಣ್ಣು ಪರೀಕ್ಷೆಯ ಆಧಾರದ ಮೇಲೆ ಗೊಬ್ಬರವನ್ನು ಕಂತುಗಳಲ್ಲಿ ಕೊಡಬೇಕು.

4. ತಳಿಯ ಆಯ್ಕೆಯಲ್ಲಿ ಎಚ್ಚರ ಅಗತ್ಯ. ನಮ್ಮಲ್ಲಿ ಜನಪ್ರಿಯವಾದ ಕುಫ್ರಿ ಜ್ಯೋತಿ ಆಲೂಗಡ್ಡೆಗೆ ಹಿಂದೆ ಇದ್ದ ಅಂಗಮಾರಿ ನಿರೋಧಕ ಶಕ್ತಿ ಈಗ ಉಳಿದಿಲ್ಲ. ಟೊಮ್ಯಾಟೊದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅಭೇದ್ ತಳಿಯು ಕೊನೆ ಅಂಗಮಾರಿಯೂ ಸೇರಿದಂತೆ ಹಲವು ರೋಗಗಳಿಗೆ ನಿರೋಧಕ ಶಕ್ತಿ ಹೊಂದಿದೆ.

5. ಮೋಡ ಕವಿದ, ತಂಪಾದ, ತುಂತುರು ಮಳೆಯ ಹವೆ ಆರಂಭವಾಗುವ ಮುನ್ನವೇ, ಚುಕ್ಕೆ ಕಾಣುವುದಕ್ಕೆ ಮೊದಲು, ರಕ್ಷಕ ಸಿಂಪರಣೆ ಆಗಬೇಕು. ಎಲೆಯ ಕೆಳಭಾಗವೂ ತೊಯ್ಯಬೇಕು. ಹೊಸ ಎಲೆ ಮೂಡಿದಂತೆ ಸಿಂಪರಣೆಯನ್ನು ಪುನರಾವರ್ತಿಸಬೇಕು.

6. ರೋಗ ಈಗಾಗಲೇ ಕಂಡಿದ್ದರೆ ತಾಮ್ರದ ಮೇಲೆ ಮಾತ್ರ ಭರವಸೆ ಇಡಬಾರದು. ಮೆಟಲಾಕ್ಸಿಲ್ ಮತ್ತು ಮ್ಯಾಂಕೊಜೆಬ್ ಸಂಯುಕ್ತ ಔಷಧಿಯನ್ನು ಪ್ರತಿ ಲೀಟರ್ ನೀರಿಗೆ 2 ಗ್ರಾಂನಂತೆ ಬೆರೆಸಿ ಸಿಂಪಡಿಸಬಹುದು. ಒಂದೇ ಔಷಧಿಯನ್ನು ಪದೇ ಪದೇ ಬಳಸಿದರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಪೊಟ್ಟಣದ ಮೇಲಿನ ಸೂಚನೆ ಮತ್ತು ಕೊಯ್ಲಿಗೆ ಮುನ್ನ ಕಾಯಬೇಕಾದ ದಿನಗಳನ್ನು ತಪ್ಪದೆ ಪಾಲಿಸಬೇಕು.

ಶೇ. 1ರ ಬೋರ್ಡೋ ದ್ರಾವಣ ತಯಾರಿಸುವ ವಿಧಾನ

ಒಂದು ಕೆ.ಜಿ. ಮೈಲುತುತ್ತವನ್ನು ಪುಡಿಮಾಡಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಬೇರೊಂದು ಡ್ರಮ್ಮಿನಲ್ಲಿ ಒಂದು ಕೆ.ಜಿ. ಉತ್ತಮ ಸುಟ್ಟ ಸುಣ್ಣವನ್ನು ಅರಳಿಸಿ, ಸೋಸಿ, 50 ಲೀಟರ್ ಮಾಡಬೇಕು. ಸುಣ್ಣದ ನೀರು ತಣ್ಣಗಾದ ನಂತರ ಮೈಲುತುತ್ತದ ದ್ರಾವಣವನ್ನು ಅದಕ್ಕೆ ನಿಧಾನವಾಗಿ ಸುರಿಯುತ್ತ ಕೋಲಿನಿಂದ ಕಲಕಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬಾರದು. ಕಬ್ಬಿಣದ ಅಥವಾ ತಗಡಿನ ಪಾತ್ರೆ ಬಳಸಬಾರದು.

ಹದ ಪರೀಕ್ಷಿಸಲು ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ನೀರು ಬೇಕು. ಲೇಪ ಕಾಣದಿದ್ದರೆ ದ್ರಾವಣ ಸಿದ್ಧವಾಗಿದೆ. ತಯಾರಿಸಿದ ದಿನವೇ ಬಳಸಬೇಕು. ಬೇರೆ ಕೀಟನಾಶಕಗಳೊಂದಿಗೆ ಬೆರೆಸಬಾರದು. ಸೌತೆ, ಹೀರೆಯಂತಹ ಬಳ್ಳಿ ತರಕಾರಿಗಳ ಎಳೆ ಎಲೆಗಳು ಸುಡುವ ಸಾಧ್ಯತೆ ಇರುವುದರಿಂದ ಶೇ. 0.5ರ ದ್ರಾವಣವನ್ನು ಮೊದಲು ನಾಲ್ಕಾರು ಗಿಡಗಳ ಮೇಲೆ ಪರೀಕ್ಷಿಸಿ ಮುಂದುವರಿಯಬೇಕು. ತಾಮ್ರವು ಮಣ್ಣಿನಲ್ಲಿ ಶೇಖರವಾಗುವ ಲೋಹ. ಅಗತ್ಯಕ್ಕಿಂತ ಹೆಚ್ಚು ಬಾರಿ ಬಳಸುವುದು ಹಿತವಲ್ಲ. ಅಡಿಕೆ ತೋಟವಿರುವವರು ಮುಂಗಾರಿಗೆ ಮುನ್ನ ಮೊದಲ ಸಿಂಪರಣೆಯನ್ನೂ, 40ರಿಂದ 45 ದಿನಗಳ ನಂತರ ಎರಡನೆಯದನ್ನೂ, ಮಳೆ ಮುಂದುವರಿದರೆ ಮೂರನೆಯದನ್ನೂ ಕೈಗೊಳ್ಳಬೇಕು.

ಕೊನೆಯದಾಗಿ, ಪ್ರತಿ ಬಾರಿ ಸಿಂಪಡಿಸುವಾಗ ಒಂದೆರಡು ಸಾಲುಗಳನ್ನು ಸಿಂಪಡಿಸದೆ ಬಿಟ್ಟು ನೋಡುವುದು ಒಳಿತು. ಆ ಸಾಲಿನ ನಷ್ಟ ಅಲ್ಪ, ಅದು ಕಲಿಸುವ ಪಾಠ ದೊಡ್ಡದು. ಮದ್ದು ತನ್ನ ಹೊಲದಲ್ಲಿ ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ರೈತನು ತನ್ನ ಕಣ್ಣಿನಿಂದಲೇ ಕಾಣಬಹುದು. ಬಂದ ಫಲಿತಾಂಶವನ್ನು ಬರೆದಿಟ್ಟು ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳಿಗೆ ತಿಳಿಸಿದರೆ ಮುಂದಿನ ಮುಂಗಾರಿನ ಸಲಹೆ ಇನ್ನಷ್ಟು ನಿಖರವಾಗುತ್ತದೆ.